ಹಟ್ಟಿ ಬಲ್ಲ ಟೈರು

ನಮ್ಮೂರಲ್ಲಿ ದಾರಿ ಗೊತ್ತಿರುವುದು ಟೈರಿಗೆ, ಮನುಷ್ಯರಿಗಲ್ಲ. ಊರಿನ ಪಡುವಣಕ್ಕೆ ಬಯಲಿದೆ. ಬರೀ ಚೂಪುಕಲ್ಲು, ಕುರುಚಲು ಗಿಡ. ಅದರೊಳಕ್ಕೆ ನಡೆದು ಹೋದವನು ಹೊತ್ತು ಮುಳುಗುವಷ್ಟರಲ್ಲಿ ಹೊರಟ ಜಾಗಕ್ಕೇ ಬಂದು ನಿಂತಿರುತ್ತಾನೆ. ಎತ್ತು ಕಟ್ಟಿಕೊಂಡು ಹೋದರೂ ಅಷ್ಟೇ. ಮುಂಚೆ ಹೋಗಿ ಬಂದ ಟೈರು ಮಾತ್ರ ಮತ್ತೆ ಹೋಗುತ್ತದೆ. ಹೊಸ ಟೈರಿಗೆ ಕಲಿಸಬೇಕಾದರೆ, ದಾರಿ ಬಲ್ಲ ಮೂರು ಟೈರಿನ ಜೊತೆ ಅದೊಂದನ್ನು ಹಾಕಿ ಕರೆದುಕೊಂಡು ಹೋಗಬೇಕು. ಎರಡು ಹೊಸದಾದರೆ ಗಾಡಿ ಅರ್ಧ ಹೋಗಿ ತಾನೇ ತಿರುಗಿಕೊಳ್ಳುತ್ತದೆ. ಮೊದಲನೇ ಟೈರಿಗೆ ಯಾರು ಕಲಿಸಿದರು ಅಂತ ಕೇಳಬೇಡಿ. ಚಿಕ್ಕವಳಿದ್ದಾಗ ನಾನೂ ನಮ್ಮಜ್ಜಿಯನ್ನು ಕೇಳಿದ್ದೆ. "ಸುಮ್ನೆ ಮುದ್ದೆ ನುಂಗು" ಅಂದಿದ್ದಳು.

ಯಜಮಾನರು ತೀರಿಕೊಂಡ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ದೊಡ್ಡ ಪಿಕಪ್ಪು, ನಾಲ್ಕೂ ಚಕ್ರ ಎಳೆಯುವಂಥದ್ದು, ಭಾರ ಹೊರುವುದಕ್ಕೆಂದೇ ಮಾಡಿದ್ದು. ಓಡಿಸುವವನು ಪಾಲಯ್ಯ. ನಮ್ಮ ಯಜಮಾನರ ಕೈಕೆಳಗೆ ಬೆಳೆದವನು, ಈಗ ಮದುವೆಯಾಗಿದ್ದಾನೆ, ಹೆಂಡತಿ ರತ್ನಿ ಬಸುರಿ. ಊರಿನ ಈಚೆ ಮಗ್ಗುಲಿನ ಗುಡ್ಡದಿಂದ ಚಪ್ಪಡಿ ಕಲ್ಲು ಹೊರುವುದು ಅವನ ಹೊಟ್ಟೆಪಾಡು, ನನ್ನದೂ ಅದೇ. ಗುಡ್ಡದ ದಾರಿ ಕದಲುವುದಿಲ್ಲ, ಯಾವ ಟೈರಾದರೂ ಹೋಗುತ್ತದೆ. ಅಮಾವಾಸ್ಯೆ ಕಳೆದ ಮೇಲೆ ಒಂದು ಸಲ ಮಾತ್ರ ಬಯಲು ದಾಟಿ ಹಟ್ಟಿಗೆ ಹೋಗುತ್ತಾನೆ. ರಾಗಿ, ಉಪ್ಪು, ಸೀಮೆಎಣ್ಣೆ, ಜ್ವರದ ಮಾತ್ರೆ ತುಂಬಿಕೊಂಡು ಹೋಗಿ ಕಂಬಳಿ, ಕುರಿತುಪ್ಪಟ ತರುತ್ತಾನೆ. ಆ ಹಟ್ಟಿಗೆ ನನ್ನ ತಂಗಿ ದಾನಕ್ಕನನ್ನು ಕೊಟ್ಟಿದೆ.

ಅವಳನ್ನು ಕೊಟ್ಟ ಕಾಲಕ್ಕೆ ಹಟ್ಟಿಗೆ ಹೋಗುವ ಗಾಡಿ ಬೇಕಾದಷ್ಟಿದ್ದವು. ಹಟ್ಟಿಯೊಂದೇ ಅಲ್ಲ, ಬಯಲಿನೊಳಗೆ ಹುಣಸೇಕಟ್ಟೆ ಅಂತ ಒಂದಿತ್ತು, ಕರೇಮಡು ಅಂತ ಇತ್ತು, ನೆಲ್ಲಿಮರದಟ್ಟಿ ಇತ್ತು. ಹುಣಸೇಕಟ್ಟೆಯ ಬೆಲ್ಲ ನಾನು ತಿಂದಿದ್ದೇನೆ, ಸ್ವಲ್ಪ ಒಗರು ಇರುತ್ತಿತ್ತು. ಒಂದೊಂದಕ್ಕೂ ಹೋಗುವ ಕೊನೇ ಗಾಡಿಯ ಟೈರು ಹೋಯಿತು, ಊರೂ ಹೋಯಿತು. ಊರು ಅಲ್ಲೇ ಎಲ್ಲೋ ಇದೆ, ಒಲೆ ಉರಿಯುತ್ತಿರಬಹುದು. ನಮಗೆ ಇಲ್ಲ, ಅಷ್ಟೆ. ಹಟ್ಟಿಗೆ ಹೋಗುವುದೂ ಈಗ ನಮ್ಮ ಗಾಡಿಯೊಂದೇ. ಎತ್ತಿನ ಟೈರ್ ಗಾಡಿಗೆ ಹಳೇ ಟೈರು ಹಾಕಿಕೊಂಡು ಹೋಗಿ ನೋಡಿದವರಿದ್ದಾರೆ. ಅದಕ್ಕೆ ಎರಡೇ ಚಕ್ರ. ಅರ್ಧದ ಮೇಲೆ ಹೋಗಲಿಲ್ಲ.

ಟೈರು ಮರೆಯಬಾರದು ಅಂತ ನಮ್ಮೂರಿನವರೆಲ್ಲ ಎಣ್ಣೆ ಹಚ್ಚುತ್ತೇವೆ. ಮಕ್ಕಳ ನೆತ್ತಿಗೆ ಒತ್ತುವ ಹಾಗೆ ಹರಳೆಣ್ಣೆ ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಅದ್ದಿ, ಪಕ್ಕೆಗೆಲ್ಲ ತಿಕ್ಕಬೇಕು. ಅಮಾವಾಸ್ಯೆ ಅಮಾವಾಸ್ಯೆಗೂ ಅದು ಹೆಂಗಸರ ಕೆಲಸ. ನಮ್ಮತ್ತೆ ಮಾಡುತ್ತಿದ್ದಳು, ನಾನೂ ಮಾಡಿದೆ, ಸ್ಟೆಪ್ನಿಯನ್ನೂ ಬಿಡುತ್ತಿರಲಿಲ್ಲ. ಟೈರು ಮಾರುವ ನಜೀರ್ ಸಾಬರು ಬಾಯಿ ನೋಯುವಷ್ಟು ಹೇಳಿದರು, "ಎಣ್ಣೆ ರಬ್ಬರಿಗೆ ವಿಷ ಕಣಮ್ಮಾ, ಒಳಗಿಂದ ತಿಂದು ಹಾಕ್ತದೆ" ಅಂತ. ಯಾರೂ ಕೇಳಲಿಲ್ಲ. ಎಣ್ಣೆ ಕಾಣದ ಟೈರು ದಾರಿ ತಪ್ಪಿದ ಕಥೆ ಎಲ್ಲರ ಮನೆಯಲ್ಲೂ ಒಂದೊಂದಿದೆ. ಯಾರ ಮನೆಯ ಟೈರು ಕರ್ರಗೆ ಮಿಂಚುತ್ತದೋ ಆ ಮನೆಯ ಸೊಸೆ ಒಳ್ಳೆಯವಳು.

ಒಂದು ಬೆಳಿಗ್ಗೆ ಪಾಲಯ್ಯ ಬಂದು ಬಾಗಿಲಲ್ಲಿ ನಿಂತ.

"ಅವ್ವಾ, ಸ್ವಲ್ಪ ಬಂದು ನೋಡು."

ಹೋದೆ. ಹಿಂದಿನ ಟೈರಿನ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದ. ಕೆರೆ ಬತ್ತಿದಾಗ ಮಣ್ಣು ಬಿರಿಯುತ್ತದಲ್ಲ, ಹಾಗೆ ಬಿರಿದಿತ್ತು. ಒತ್ತಿದ ಕಡೆ ಉಗುರು ಒಳಗೆ ಹೋಯಿತು. ಒಂದೊಂದನ್ನೇ ತೋರಿಸುತ್ತ ಗಾಡಿ ಸುತ್ತಿದ. ನಾಲ್ಕೂ ಹಾಗೇ. ಸ್ಟೆಪ್ನಿಯೂ ಹಾಗೇ.

"ಒಂದು ಹೋಗಿದ್ರೆ ಒಂದು ಹಾಕಿ ಕಲಿಸ್ಬೋದಿತ್ತು," ಅಂದ. "ಎಲ್ಲಾ ಒಟ್ಟಿಗೇ ಹೋದ್ರೆ ಯಾವುದು ಯಾವುದಕ್ಕೆ ಕಲಿಸ್ತದೆ?"

"ನಜೀರ್ ಸಾಬರ ಹತ್ರ ಹೋಗಾಣ ನಡಿ," ಅಂದೆ.

ನಜೀರ್ ಸಾಬರ ಅಂಗಡಿ ಬಸ್ ನಿಲ್ಲುವ ಕಡೆ ಇದೆ. ನನ್ನನ್ನು ಕಂಡದ್ದೇ ಸ್ಟೂಲು ಒರೆಸಿ ಹಾಕಿದರು.

"ಬನ್ನಿ ಕಾಟಮ್ಮೋರೆ. ಟೈರಿಗೆ ಎಣ್ಣೆಸ್ನಾನ ಆಯ್ತಾ?"

"ಆಯ್ತು, ಈಗ ತಿಥಿ ಮಾಡಾಕೆ ಬಂದಿದೀನಿ."

ಅವರು ನಗಲಿಲ್ಲ. ಹೊರಗೆ ಬಂದು ಗಾಡಿಯ ಹತ್ತಿರ ಕೂತು ನೋಡಿದರು. ಎದ್ದಾಗ ಮುಖ ಸಣ್ಣದಾಗಿತ್ತು. ಒಳಗೆ ಕರೆದುಕೊಂಡು ಹೋಗಿ ಮೂರು ಥರದ ಟೈರು ಉರುಳಿಸಿ ತಂದು ಗೋಡೆಗೆ ಒರಗಿಸಿದರು. ಸೀರೆ ಅಂಗಡಿಯಲ್ಲಿ ತೋರಿಸುವ ಹಾಗೆ ಒಂದೊಂದನ್ನೇ ತೋರಿಸಿದರು.

"ಇದು ದೊಡ್ಡ ಬಟನ್ನಿಂದು, ಅಚ್ಚು ಗುಂಡಿ ಗುಂಡಿಯಾಗಿ ಉಬ್ಬಿರೋದು, ಕೆಸರಿಗೆ. ಬಯಲಲ್ಲಿ ಕೆಸರೆಲ್ಲಿದೆ? ಗುಡ್ಡದ ದಾರೀಲಿ ಹೋದ್ರೆ ಹಾರ್ಮೋನಿಯಂ ಥರ ಕೂಗ್ತದೆ. ಬೇಡ. ಇದು ನೋಡಿ, ಇದು ಎಲ್ಲಾ ನೆಲಕ್ಕೂ ಆಗುವಂಥದ್ದು. ಹತ್ತು ಪದರ. ಪಕ್ಕೇನೂ ದಪ್ಪ, ಚೂಪುಕಲ್ಲು ತಿವಿದ್ರೂ ಜಗ್ಗಲ್ಲ. ನಿಮ್ಮ ಗಾಡಿ ಭಾರಕ್ಕೆ ಇದೇ ಸರಿ. ನನ್ನ ಮಗನ ಗಾಡಿ ಆಗಿದ್ರೆ ಕೇಳದೆನೇ ಇದನ್ನ ಹಾಕ್ತಿದ್ದೆ."

ನಾನು ಕೈ ಇಟ್ಟು ನೋಡಿದೆ. ಅಂಗೈ ಅಗಲದ ಅಚ್ಚು, ಅಂಚೆಲ್ಲ ಗಟ್ಟಿ. ಹೊಸ ಟೈರಿಗೆ ಒಂದು ವಾಸನೆ ಇರುತ್ತದೆ, ಏನೂ ಗೊತ್ತಿಲ್ಲದ ವಾಸನೆ.

"ಹಂಗಾರೆ ಇದನ್ನೇ ಒಂದು ಕೊಡಿ. ಹಳೇವು ಇನ್ನೊಂದೆರಡು ಸಲ ಬರ್ತವೆ. ಅಷ್ಟರಲ್ಲಿ ಒಂದೊಂದೇ ಕಲಿಸ್ಕಂತೀವಿ."

"ಅದೇ ಆಗಲ್ಲಮ್ಮಾ." ಅವರು ತಲೆ ಕೆರೆದುಕೊಂಡರು. "ನಿಮ್ಮ ಹಳೇ ಅಳತೆದು ಈ ಜಾತೀಲಿ ಈಗ ಬರ್ತಾನೇ ಇಲ್ಲ. ಇದು ಎತ್ತರ. ನಾಲ್ಕೂ ಚಕ್ರ ಎಳೆಯೋ ಗಾಡಿಗೆ ನಾಲ್ಕು ಕಾಲೂ ಒಂದೇ ಎತ್ತರ ಇರ್ಬೇಕು. ಮೂರು ಗಿಡ್ಡ, ಒಂದು ಎತ್ತರ ಆದ್ರೆ ನಡುವಿನ ಗೇರುಪೆಟ್ಟಿಗೇಲಿ ಹಲ್ಲು ಒಂದಕ್ಕೊಂದು ತಿರುಚಿಕೊಂಡು ಮುರೀತದೆ. ಬಯಲ ಮಧ್ಯ ಮುರೀತದೆ. ಹಾಕಿದ್ರೆ ನಾಲ್ಕೂ ಒಟ್ಟಿಗೇ ಹಾಕ್ಬೇಕು."

ನಾಲ್ಕೂ ಒಟ್ಟಿಗೆ ಅಂದರೆ ಏನು ಅಂತ ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಹಳೇ ಅಳತೆದು ಏನೂ ಇಲ್ವಾ?" ಅಂತ ಪಾಲಯ್ಯ ಕೇಳಿದ.

ಸಾಬರು ಮೂರನೆಯದನ್ನು ಕಾಲಲ್ಲಿ ತೋರಿಸಿದರು. ಕೈಯಲ್ಲಿ ಮುಟ್ಟಲಿಲ್ಲ. "ಇದೈತೆ. ಸಾದಾ ಟೈರು, ಡಾಂಬರು ರಸ್ತೇಲಿ ಸಣ್ಣ ಗಾಡಿಗೆ ಹಾಕೋದು. ಅಳತೆ ಕೂಡ್ತದೆ, ಒಂದೊಂದೇ ಹಾಕಿ ಕಲಿಸ್ಬೋದು. ಆದ್ರೆ ಪಕ್ಕೆ ಹಪ್ಪಳ. ನಿಮ್ಮ ಗಾಡಿ ಬರೀ ಮೈಭಾರಕ್ಕೇ ಇದು ಏದುಸಿರು ಬಿಡ್ತದೆ, ಮೇಲೆ ರಾಗಿಮೂಟೆ ಬೇರೆ. ಹೋದ್ರೆ ಹೋಗ್ತದೆ. ಬರ್ತದೆ ಅಂತ ನಾನು ಹೇಳಲ್ಲ. ಗುರುಸಿದ್ದ ಇದೇ ಹಾಕಿಸ್ಕೊಂಡು ಹೋಗಿದ್ದು."

ಗುರುಸಿದ್ದ ನೆಲ್ಲಿಮರದಟ್ಟಿಗೆ ಹೋಗುವ ಕೊನೆಯ ಡ್ರೈವರು. ಅವನು ಬಯಲಲ್ಲೇ ಉಳಿದ. ಕೆಟ್ಟ ಗಾಡಿಯಿಂದ ಇಳಿದು ನಡೆದರೂ ಮತ್ತೆ ಅದರ ಹತ್ತಿರಕ್ಕೇ ಬಂದು ನಿಲ್ಲಬೇಕು. ಬಯಲಲ್ಲಿ ಕೆಟ್ಟು ನಿಂತ ಗಾಡಿಯನ್ನು ಹುಡುಕಿಕೊಂಡು ಹೋಗುವುದಕ್ಕಾಗುವುದಿಲ್ಲ. ಅವನು ನಿಂತ ಜಾಗಕ್ಕೆ ಹೋಗಿ ಬಂದ ಟೈರು ಯಾರ ಹತ್ತಿರವೂ ಇಲ್ಲ. ಅವನ ಹೆಂಡತಿ ಇವತ್ತಿಗೂ ಕುಂಕುಮ ಇಟ್ಟುಕೊಳ್ಳುತ್ತಾಳೆ. ಅಳಿಸು ಅನ್ನುವ ಧೈರ್ಯ ಯಾರಿಗೂ ಬಂದಿಲ್ಲ, ಇಟ್ಟುಕೋ ಅನ್ನುವ ಧೈರ್ಯವೂ ಇಲ್ಲ.

"ಯೋಚನೆ ಮಾಡಿ ಹೇಳ್ತೀನಿ," ಅಂತ ಎದ್ದೆ.

ದಾರಿಯಲ್ಲಿ ಪಾಲಯ್ಯನೇ ಬಾಯಿ ಬಿಟ್ಟ. "ಅವ್ವಾ, ಮೊದ್ಲು ಈ ಹಳೇ ಟೈರಲ್ಲೇ ಒಂದ್ಸಲ ಹೋಗಿ ಬರಾಣ. ಭಾರ ಕಮ್ಮಿ ಹಾಕ್ಕಂಡು, ನಿಧಾನಕ್ಕೆ. ನೀನೂ ಬಾ. ಚಿಕ್ಕವ್ವನ್ನ ಮಾತಾಡ್ಸು. ಬರೋದಾದ್ರೆ ಕರ್ಕಂಡೇ ಬಂದ್ಬಿಡಾಣ. ಆಮೇಲೆ ಯಾವ ಟೈರಾದ್ರೂ ಆಗ್ಲಿ."

ನನ್ನ ಮನಸ್ಸಿನಲ್ಲೂ ಅದೇ ಇತ್ತು. ಅವನಾಗಿ ಹೇಳಲಿ ಅಂತ ಕಾಯುತ್ತಿದ್ದೆ.

ಹೊರಟ ದಿನ ಬೆಳಿಗ್ಗೆ ರತ್ನಿ ಬುತ್ತಿ ಹಿಡಿದುಕೊಂಡು ಬಂದಳು. ಹುಚ್ಚೆಳ್ಳು ಪುಡಿ ಬೇರೆ ಕಟ್ಟಿದ್ದಳು, ನನ್ನ ತಂಗಿಗೆ ಅಂತ. ಹೋಗಬೇಡಿ ಅನ್ನಲಿಲ್ಲ, ಹುಷಾರು ಅಂತಲೂ ಅನ್ನಲಿಲ್ಲ. ಆದರೆ ಗಾಡಿಯ ಬಾಗಿಲು ಹಿಡಿದುಕೊಂಡು ನಿಂತವಳು ಕೈ ಬಿಡಲೇ ಇಲ್ಲ. ಪಾಲಯ್ಯ, "ಲೇ, ಬಾಗ್ಲು ಕಿತ್ಕಂಡು ಇಟ್ಕಂತೀಯೇನೇ?" ಅಂತ ತಮಾಷೆ ಮಾಡಿದ. ಆಗ ಬಿಟ್ಟಳು.

ಬಯಲಿನೊಳಗೆ ಗಾಡಿ ಹೇಗೆ ಹೋಗುತ್ತದೆ ಅಂದರೆ, ಡ್ರೈವರು ಸ್ಟೇರಿಂಗನ್ನು ಸುಮ್ಮನೆ ಮುಟ್ಟಿಕೊಂಡಿರಬೇಕು, ಹಿಡಿಯಬಾರದು. ಚಕ್ರ ತಾನೇ ಕಲ್ಲು ನೋಡಿಕೊಂಡು ಅತ್ತ ಇತ್ತ ತಿರುಗುತ್ತದೆ. ಆವತ್ತು ಮುದುಕರು ನಡೆಯುವ ಹಾಗೆ ನಡೆಯಿತು. ಪ್ರತಿ ಕಲ್ಲಿಗೂ ನಾನು ಸೀಟಿನ ಅಂಚು ಹಿಡಿದುಕೊಳ್ಳುತ್ತಿದ್ದೆ. ಪಾಲಯ್ಯ ಮಾತು ಆಡುತ್ತಲೇ ಇದ್ದ. ಮಗು ಗಂಡಾದರೆ ನಮ್ಮ ಯಜಮಾನರ ಹೆಸರು ಇಡುತ್ತಾನಂತೆ, ಹೆಣ್ಣಾದರೆ ರತ್ನಿ ಇಟ್ಟದ್ದೇ ಹೆಸರಂತೆ. "ಅವ್ಳು ಯಾವುದೋ ಟೀವಿ ಹೆಸರು ಹುಡುಕಿಟ್ಟವ್ಳೆ ಅವ್ವಾ, ನನಗೆ ನಾಲಿಗೆ ಹೊಳ್ಳಲ್ಲ," ಅಂದ. ಹೊತ್ತು ನೆತ್ತಿಗೇರುವಷ್ಟರಲ್ಲಿ ಹಟ್ಟಿಯ ಬೇಲಿ ಕಂಡಿತು.

ಗಾಡಿಯ ಸದ್ದಿಗೆ ಎಲ್ಲರೂ ಬಂದು ಮುತ್ತಿಕೊಂಡರು. ಕರಿಹನುಮಪ್ಪ ಅಂತ ಹಟ್ಟಿಯ ಹಿರಿಯ, ಮಾತಿಗೆ ಮುಂದು, ಮೂಟೆ ಇಳಿಸುತ್ತಲೇ ಶುರು ಮಾಡಿದ. "ಏನು ಕಾಟಕ್ಕ, ಈ ಸಲ ಗಾಡಿ ಹೊಟ್ಟೆ ಇಳ್ದೈತೆ? ನಿಮ್ಮೂರಾಗೆ ರಾಗಿ ಬೆಳಿಯಾಕಿಲ್ವಾ, ಇಲ್ಲಾ ನಮ್ಮ ಕಂಬಳಿ ತೂತು ಬಿದ್ದಾವಾ?"

"ಮುಂದಿನ ಸಲ ತುಂಬಿಸ್ಕಂಡು ಬರ್ತೀವಿ ಬಿಡಣ್ಣ," ಅಂತ ಪಾಲಯ್ಯ ಅಂದ. ಅಂದವನು ನನ್ನ ಮುಖ ನೋಡಿ ಗಾಡಿಯ ಹಿಂದಕ್ಕೆ ಹೋದ.

ದಾನಕ್ಕ ಎಲ್ಲರ ಹಿಂದೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನಡಿಗೆ ಮಾತ್ರ ನಮ್ಮವ್ವನದೇ, ಒಂದು ಭುಜ ಕೆಳಗೆ. ನನ್ನ ಮಾತಾಡಿಸುವ ಮುಂಚೆ ಗಾಡಿಯನ್ನು ಒಂದು ಸುತ್ತು ಬಂದಳು. ಪ್ರತಿ ಟೈರಿನ ಹತ್ತಿರವೂ ನಿಂತಳು. ಒಂದರ ಪಕ್ಕೆಗೆ ಹೆಬ್ಬೆರಳು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಬಂದು, "ಯಾಕಕ್ಕ ಇಷ್ಟು ಬಡವಾಗಿದೀಯ?" ಅಂದಳು.

ಊಟ ಆಯಿತು. ಹಟ್ಟಿಯವರು ಸಾಮಾನು ಹಂಚಿಕೊಳ್ಳುವ ಗದ್ದಲದಲ್ಲಿದ್ದರು. ನಾವಿಬ್ಬರೂ ಗಾಡಿಯ ನೆರಳಿನಲ್ಲಿ ಕೂತೆವು.

"ಹೊಸದು ನೋಡಿದೀಯಾ?" ಅಂತ ಕೇಳಿದಳು, ಮಗಳಿಗೆ ಗಂಡು ನೋಡಿದೀಯಾ ಅನ್ನುವ ಹಾಗೆ.

"ನೋಡಿದೆ."

"ಹೆಂಗಿದಾವೆ?"

ಹೇಳಿದೆ. ದೊಡ್ಡ ಬಟನ್ನಿನದು ಕೂಗುತ್ತದೆ ಅಂದೆ. ಹತ್ತು ಪದರದ್ದು, ಎಲ್ಲಾ ನೆಲಕ್ಕೂ ಆಗುವಂಥದ್ದು, ಎತ್ತರ, ನಾಲ್ಕೂ ಒಟ್ಟಿಗೇ ಹಾಕಬೇಕು ಅಂದೆ. ಹಪ್ಪಳದಂಥ ಪಕ್ಕೆಯದು ಹಳೇ ಅಳತೆದು, ಒಂದೊಂದೇ ಹಾಕಬಹುದು ಅಂದೆ. ಗುರುಸಿದ್ದನ ಮಾತು ಮಾತ್ರ ಎತ್ತಲಿಲ್ಲ. ಅವಳೇ ಎತ್ತಿದಳು.

"ಗುರುಸಿದ್ದ ಹಾಕಿಸ್ಕಂಡಿದ್ದು ಅದೇ ಅಲ್ವಾ?"

"ಹೂಂ."

"ಪಾಲಯ್ಯನ ಹೆಂಡ್ತಿಗೆ ಎಷ್ಟು ತಿಂಗಳು?"

"ಹೊಟ್ಟೆ ಇಳೀತಾ ಐತೆ."

ಅವಳು ನೆಲದ ಮೇಲಿದ್ದ ಒಂದು ಹಿಕ್ಕೆಯನ್ನು ಬೆರಳಲ್ಲಿ ಅತ್ತ ಇತ್ತ ಉರುಳಿಸಿದಳು. "ಹತ್ತು ಪದರದ್ದೇ ತಗಾ. ಆ ಹಪ್ಪಳದ್ದು ಬೇಡ."

"ದಾನಿ, ನಿನ್ನ ಕರ್ಕಂಡು ಹೋಗಾಕೇ ಬಂದಿದೀನಿ. ನಿನ್ನ ಗಂಡನ್ನೂ ಕರ್ಕಾ. ಈಗ್ಲೇ ಹತ್ತು."

"ನಾನು ಹತ್ತಿದ್ರೆ ಇವ್ರಿಗೆಲ್ಲ ಗೊತ್ತಾಗ್ತದೆ ಅಕ್ಕ." ದನಿ ತಗ್ಗಿಸಿ ಹೇಳಿದಳು. "ಈ ಹಟ್ಟಿ ಬಿಟ್ಟು ಒಂದಿನ ಹೋದವಳಲ್ಲ ನಾನು. ಗಂಟುಮೂಟೆ ಹಿಡ್ಕಂಡು ಗಾಡಿ ಹತ್ತಿದ್ರೆ ಯಾಕೆ ಅಂತ ಕೂಸಿಗೂ ತಿಳೀತದೆ. ಎಲ್ರೂ ಬಂದು ಹತ್ತಾರೆ. ಎಲ್ರನ್ನೂ ಹೊರೋ ಟೈರಾ ಇವು? ಯಾರನ್ನ ಹತ್ತಿಸ್ತೀಯ, ಯಾರನ್ನ ಇಳಿಸ್ತೀಯ? ಮಕ್ಕಳು ಅಂತೀಯ. ಅವ್ವಂದಿರನ್ನ ಬಿಟ್ಟು ಬರೀ ಮಕ್ಕಳನ್ನ ಹತ್ತಿಸಾಕೆ ನಿನ್ನ ಕೈಲಾಗ್ತದಾ?"

"ಹಂಗಾರೆ ನಾನೇ ಇಲ್ಲಿದ್ದು ಬಿಡ್ತೀನಿ," ಅಂದೆ. ಬಾಯಿಗೆ ಬಂದ ಮಾತಲ್ಲ. ಬರುವಾಗ ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡು ಬಂದಿದ್ದೆ.

"ಇದ್ದು? ನಮ್ಗೇ ಇಲ್ದಿರೋ ರಾಗಿ ನೀನೂ ತಿಂತೀಯಾ?" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ಬೇರೆ ಕಡೆ ಇತ್ತು. "ನೀನು ಉಳ್ಕಂಡ್ರೆ ಆ ಹುಡುಗನ ಗಾಡಿಗೆ ಟೈರು ಯಾರು ಹಾಕಿಸ್ತಾರೆ? ಹೋಗು. ಚಿಕ್ಕೋರಿದ್ದಾಗ್ಲೂ ಹಿಂಗೇ ನೀನು, ನನ್ನ ಎಲೆಗೇ ಕೈ ಹಾಕೋಳು."

"ಉಪ್ಪು ಎಷ್ಟು ದಿನ ಬರ್ತದೆ ದಾನಿ?"

"ಸಪ್ಪೆ ಉಣ್ಣದು ಕಲ್ತ್ರೆ ಬಾಳ ದಿನ ಬರ್ತದೆ. ಬಿಡು."

ಅಷ್ಟರಲ್ಲಿ ಒಬ್ಬೊಬ್ಬರೇ ಬರತೊಡಗಿದರು. ಗಾಡಿ ಹೊರಡುವ ಮುಂಚೆ ಮುಂದಿನ ಸಲಕ್ಕೆ ಏನು ಬೇಕು ಅಂತ ಹೇಳುವುದು ಅಲ್ಲಿಯ ಪದ್ಧತಿ. ಪ್ರತಿ ಸಲ ಪಾಲಯ್ಯನಿಗೆ ಹೇಳುತ್ತಿದ್ದರು. ಆವತ್ತು ಅವನು ಗಾಡಿಯ ಅಡಿಗೆ ಹೋಗಿ ಮಲಗಿ ಏನೋ ಬಿಗಿ ಮಾಡುವವನಂತೆ ಇದ್ದ, ಎದ್ದು ಬರಲೇ ಇಲ್ಲ. ಕರಿಹನುಮಪ್ಪ ನನ್ನ ಹತ್ತಿರ ಬಂದ.

"ಕಾಟಕ್ಕ, ಕಂಬಳಿ ಹೊಲಿಯೋ ದಬ್ಬಣ ಒಂದು. ಹೋದ ಸಲ ತಂದಿದ್ದು ನಮ್ಮ ಮುದುಕಿ ಹಂಗೇ, ಬೇಗ ಬಾಗೋಯ್ತು."

ಮುದುಕಿ ಹಿಂದಿನಿಂದ, "ನಿನ್ನ ಹೊಲಿಗೆ ಕಂಡ್ರೆ ದಬ್ಬಣ ಯಾಕೆ, ಗಡಾರೀನೂ ಬಾಗ್ತದೆ" ಅಂದಳು. ಎಲ್ಲರೂ ನಕ್ಕರು. ದಾನಕ್ಕನೂ ನಕ್ಕಳು.

ಒಬ್ಬಳು ಬಾಣಂತಿ ಹಸಿರು ಗಾಜಿನ ಬಳೆ ಹೇಳಿದಳು. ಮುಂಗೈ ಅಳತೆ ತೋರಿಸುವುದಕ್ಕೆ ನನ್ನ ಕೈಯನ್ನು ಅವಳ ಕೈಯೊಳಗೆ ಹಿಡಿದುಕೊಂಡಳು. ಕುರಿ ಕಾಯುವವನು ಒಬ್ಬ ಕಾಲು ಒಡಕಿಗೆ ಮುಲಾಮು ಹೇಳಿದ. ಕಣ್ಣು ಮಂಜಾದ ಅಜ್ಜಿಯೊಬ್ಬಳು, "ಕನ್ನಡಕ ಯಾವುದಾದ್ರೂ ಆಗ್ಲಿ ತಾಯಿ, ಯಾರಾದ್ರೂ ಬಿಸಾಕಿದ್ದೇ ಆಗ್ಲಿ" ಅಂದಳು. ಒಂದು ಹೆಣ್ಣುಮಗು ಬಂದು ನಿಂತು ಏನೂ ಹೇಳದೆ ಹೋಯಿತು. ನಾನು ಆಗಲಿ, ಆಗಲಿ ಅಂತ ತಲೆಯಾಡಿಸುತ್ತಿದ್ದೆ.

ದಾನಕ್ಕ ನನ್ನ ಮಗ್ಗುಲಲ್ಲೇ ನಿಂತಿದ್ದಳು. "ನಮ್ಮಕ್ಕಗೆ ಓದು ಬರಹ ಬರಲ್ಲ. ಆದ್ರೆ ಒಂದ್ಸಲ ಕೇಳಿದ್ರೆ ಸಾಯೋತಂಕ ಮರೆಯಲ್ಲ. ಎಲ್ರೂ ಸರಿಯಾಗಿ ಹೇಳ್ರಿ," ಅಂದಳು. ಎಲ್ಲರದೂ ಆದ ಮೇಲೆ ತಾನೂ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. "ನನಗೆ ಅಡಿಕೆ ಎಲೆ ತಾರಕ್ಕ. ಎಲೆ ಬಾಡಿರದು ತಂದುಗಿಂದೀಯ, ಜೋಕೆ."

ಗಾಡಿ ಹೊರಟಾಗ ಅವಳು ಬೇಲಿಯ ಹತ್ತಿರ ನಿಲ್ಲಲಿಲ್ಲ. ಯಾರದೋ ಮೂಟೆಗೆ ಕೈ ಕೊಟ್ಟುಕೊಂಡು, ಏನೋ ಬೈದುಕೊಂಡು, ಒಳಕ್ಕೆ ಹೋದಳು. ತಿಂಗಳು ತಿಂಗಳೂ ಬರುವ ಗಾಡಿ ಹೋದರೆ ಯಾರು ನಿಂತು ನೋಡುತ್ತಾರೆ?

ವಾಪಸ್ಸು ಬರುವಾಗ ಬಯಲಿನ ಅರ್ಧದಲ್ಲಿ ಹಿಂದಿನ ಎಡಗಡೆಯದು ಸಿಡಿಯಿತು. ಗಾಡಿ ಒಂದು ಕಡೆಗೆ ಮಲಗಿದ ಹಾಗಾಯಿತು. ಪಾಲಯ್ಯ ಜಾಕಿ ಕೊಟ್ಟು ಸ್ಟೆಪ್ನಿ ಹಾಕಿದ. ನಟ್ಟು ಎರಡು ಸಲ ಕೆಳಗೆ ಬಿತ್ತು, ನಾನು ಕಲ್ಲುಗಳ ಸಂದಿಯಿಂದ ಹುಡುಕಿ ಕೊಟ್ಟೆ. ಊರಿನ ನೀರಿನ ಟ್ಯಾಂಕು ಕಾಣುವ ಹೊತ್ತಿಗೆ ಇನ್ನೊಂದು ಟೈರಿನ ಪಕ್ಕೆ ಉಬ್ಬಿ, ಒಳಗಿನ ತಂತಿ ಹೊರಗೆ ಬಂದಿತ್ತು. ರತ್ನಿ ಟ್ಯಾಂಕಿನ ಕೆಳಗೆ ಕೂತಿದ್ದಳು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದಳಂತೆ. ಗಂಡನನ್ನು ಕಂಡು ಎದ್ದು ಮನೆ ಕಡೆ ನಡೆದಳು, ಸೊಂಟಕ್ಕೆ ಕೈ ಕೊಟ್ಟುಕೊಂಡು.

ಈಗ ದಾರಿ ಬಲ್ಲದ್ದು ಮೂರು ಉಳಿದವು. ಮೂರು ಉಳಿದರೆ ಇನ್ನೊಂದಕ್ಕೆ ಕಲಿಸಬಹುದು. ಹಳೇ ಅಳತೆದು ಇದ್ದದ್ದು ಆ ಹಪ್ಪಳದ ಟೈರು ಮಾತ್ರ.

ಮರುದಿನ ನಜೀರ್ ಸಾಬರ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆವು. ಅವರು ಹೊರಗೆ ಬಂದು ನಿಂತರು. ಈ ಸಲ ತಮಾಷೆ ಮಾಡಲಿಲ್ಲ.

"ಯಾವುದು ಹಾಕ್ಲಿ ಅಮ್ಮಾ?"

ನಾನು ಬಾಯಿ ಬಿಡುವ ಮುಂಚೆ ಪಾಲಯ್ಯ ಹೇಳಿದ. "ಹಳೇ ಅಳತೆದೇ ಹಾಕಿ. ನಾನು ಹೋಗ್ತೀನಿ." ನನ್ನ ಕಡೆ ತಿರುಗಿದ. "ಹೋಗ್ತೀನವ್ವಾ. ಆ ಕನ್ನಡಕ ಕೇಳಿದ ಅಜ್ಜಿ, ಆ ಬಳೆ... ನಾನು ಗಾಡಿ ಅಡೀಲಿ ಮಲಗಿ ಎಲ್ಲಾ ಕೇಳುಸ್ಕಂಡೆ. ಒಂದ್ಸಲ ಹೋಗಿ ಕೊಟ್ಟು ಬಂದ್ಬಿಡ್ತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಾನು ಹೂಂ ಅಂದಿದ್ದರೆ ಹೋಗಿಯೇ ಬಿಡುತ್ತಿದ್ದ. ಹೂಂ ಅನ್ನುವುದಕ್ಕೆ ನನ್ನ ನಾಲಿಗೆ ಎಷ್ಟು ಆಸೆಪಟ್ಟಿತು ಅಂತ ನನಗೆ ಗೊತ್ತು. ಹಪ್ಪಳದ ಟೈರು ಗೋಡೆಗೆ ಒರಗಿತ್ತು. ಅದರ ಮೇಲೆ ಬಿಸಿಲು ಬಿದ್ದಿತ್ತು. ನೋಡುವುದಕ್ಕೆ ಅದೂ ಗಟ್ಟಿಯಾಗಿಯೇ ಕಾಣುತ್ತಿತ್ತು. ಒಂದು ಸಲ ಹೋಗಿ ಬಂದರೂ ಬರಬಹುದು. ಇನ್ನೊಂದು ಸಲವೂ ಬರಬಹುದು. ಗುರುಸಿದ್ದನೂ ಮೊದಲನೇ ಸಲಕ್ಕೇ ಹೋದವನಲ್ಲ.

"ಎತ್ತರದ್ದು ಹಾಕಿ ಸಾಬರೆ," ಅಂದೆ. "ನಾಲ್ಕೂ."

ಪಾಲಯ್ಯನ ಭುಜ ಇಳಿಯಿತು. ಬಹಳ ಹೊತ್ತಿನಿಂದ ಹೊತ್ತಿದ್ದನ್ನು ಯಾರೋ ಇಳಿಸಿಕೊಂಡ ಹಾಗೆ ಇಳಿಯಿತು. ಅದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವನೂ ನೋಡಿದ. ಮುಖ ತಿರುಗಿಸಿಕೊಂಡು ಸ್ಪ್ಯಾನರ್ ಹುಡುಕತೊಡಗಿದ.

ಬಿಚ್ಚುವುದಕ್ಕೆ ಏನು ಹೊತ್ತು? ಹಳೇ ಟೈರು ಒಂದೊಂದಾಗಿ ಡಿಸ್ಕಿನಿಂದ ಬಿಡಿಸಿಕೊಂಡು ಬಂದವು. ಎಣ್ಣೆ ವಾಸನೆ ಅಂಗಡಿ ತುಂಬ ಹರಡಿತು. ಹೊಸವನ್ನು ಹಾಕಿ ಗಾಳಿ ತುಂಬಿ ಜಾಕಿ ಇಳಿಸಿದಾಗ ಗಾಡಿ ಒಂದು ಗೇಣು ಎತ್ತರ ಕಂಡಿತು. ನನಗೆ ಹತ್ತಲಾಗಲಿಲ್ಲ. ಸಾಬರು ಸ್ಟೂಲು ತಂದು ಹಾಕಿ, ಕೈ ಹಿಡಿದು ಹತ್ತಿಸಿದರು. "ಅಮ್ಮಾ, ಇದಕ್ಕಾದ್ರೂ ಎಣ್ಣೆ ಹಚ್ಚಬೇಡಿ," ಅಂದರು, ಮೆಲ್ಲಗೆ. ಯಾಕೆ ಹಚ್ಚಲಿ?

ನಮ್ಮೂರಲ್ಲಿ ಹೀಗೆ ಕೊನೇ ಟೈರು ಹೋದಾಗ, ಆಚೆ ಊರಲ್ಲಿ ನೆಂಟರಿದ್ದವರು ತಲೆಗೆ ನೀರು ಹಾಕಿಕೊಳ್ಳಬೇಕು. ಸೂತಕದ ನೀರಲ್ಲ, ಅಂಥದ್ದೇ. ಸಂಜೆ ಅಕ್ಕಪಕ್ಕದ ಹೆಂಗಸರು ಒಲೆ ಹಚ್ಚಿ ಹಂಡೆ ಕಾಯಿಸಿ ಕರೆಯುವುದಕ್ಕೆ ಬಂದರು. "ಏಳವ್ವ ಕಾಟವ್ವ, ನೀರು ಹಾಕ್ಕಂಬುಡು, ಮನಸಿಗೆ ಹಗುರಾಗ್ತದೆ" ಅಂದರು. ತಂಗಿ ಅಡಿಕೆ ಎಲೆ ಕೇಳಿದ್ದಾಳೆ ಕಣ್ರೇ, ಅವಳಿಗೆ ಹೇಗೆ ನೀರು ಹಾಕಿಕೊಳ್ಳಲಿ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ನಾಳೆ, ಅಂದೆ. ಮರುದಿನವೂ ನಾಳೆ ಅಂದೆ. ಆಮೇಲೆ ಅವರು ಕರೆಯುವುದನ್ನು ಬಿಟ್ಟರು.

ಗುಡ್ಡದ ಕೆಲಸಕ್ಕೆ ಗಾಡಿ ಚೆನ್ನಾಗಿ ಹೋಗುತ್ತಿದೆ. ಮೊದಲಿಗಿಂತ ಹೆಚ್ಚು ಚಪ್ಪಡಿ ಹೊರುತ್ತದೆ. ರತ್ನಿಗೆ ಹೆಣ್ಣುಮಗುವಾಯಿತು, ನಾಲಿಗೆ ಹೊರಳದ ಹೆಸರನ್ನೇ ಇಟ್ಟರು. ಅಮಾವಾಸ್ಯೆ ಬಂತು, ಹೋಯಿತು. ಅದಾದ ಮೇಲೊಂದು ದಿನ ಪಾಲಯ್ಯ ಕೆಲಸಕ್ಕೆ ಹೋಗದೆ ಗಾಡಿಯನ್ನು ನನ್ನ ಬಾಗಿಲಿಗೆ ತಂದ. ಹತ್ತುವುದಕ್ಕೆ ಅಂತ ಮರದ ಮಣೆಯೊಂದನ್ನು ತಾನೇ ಮಾಡಿಸಿದ್ದ. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಹಿಂದುಗಡೆ ಒಂದು ಮೂಟೆ ಉಪ್ಪು ಇತ್ತು. ಅದರ ಮೇಲೆ ಒಂದು ಕೈಚೀಲ ಇಟ್ಟಿದ್ದ. ಅದರಲ್ಲಿ ಏನಿದೆ ಅಂತಲೂ ಕೇಳಲಿಲ್ಲ.

ಟ್ಯಾಂಕು ದಾಟಿ ಬಯಲಿಗಿಳಿದ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನೇರ ಪಡುವಣಕ್ಕೆ ಇಟ್ಟ. ಚಕ್ರ ಒಂದು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಹೊಸ ಟೈರು ಕಲ್ಲನ್ನು ಲೆಕ್ಕಕ್ಕೇ ಇಡಲಿಲ್ಲ. ಹಳೇವು ತಡವರಿಸುತ್ತಿದ್ದ ಕಡೆಯೆಲ್ಲ ನೀರಿನ ಮೇಲೆ ಹೋದ ಹಾಗೆ ಹೋಯಿತು. ಕುರುಚಲು ಗಿಡ ಹಿಂದಕ್ಕೆ ಹೋಗುತ್ತಿತ್ತು. ನಾನು ಕಣ್ಣು ಮಿಟುಕಿಸದೆ ಬೇಲಿಗಾಗಿ ನೋಡುತ್ತಿದ್ದೆ. ಬೆನ್ನಿಗಿದ್ದ ಬಿಸಿಲು ಯಾವಾಗಲೋ ಭುಜದ ಮೇಲೆ ಬಂತು. ಆಮೇಲೆ ಮುಖಕ್ಕೆ ಹೊಡೆಯಿತು. ಪಾಲಯ್ಯನ ಕೈ ಇದ್ದಲ್ಲೇ ಇತ್ತು, ಅವನು ತಿರುಗಿಸಿರಲಿಲ್ಲ.

ಎದುರಿಗೆ ನಮ್ಮೂರಿನ ನೀರಿನ ಟ್ಯಾಂಕು ನಿಂತಿತ್ತು.

ಅವನು ಗಾಡಿ ನಿಲ್ಲಿಸಿ ಇಂಜಿನ್ನು ಆರಿಸಿದ. ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. ಏನಾದರೂ ಒಂದು ಹೇಳಬೇಕಿತ್ತು, ಅವನಿಗಲ್ಲದಿದ್ದರೆ ನನಗೆ.

"ಒಳ್ಳೇ ಟೈರು ಕಣಪ್ಪ," ಅಂದೆ. "ಒಂದು ಕಲ್ಲೂ ಗೊತ್ತಾಗ್ಲಿಲ್ಲ."